ಕರಾಚಿಯಿಂದ ಪಾವಗಡದ ಕೆರೆಯಂಗಳಕ್ಕೆ

ಬೆಳಕು ಹರಿಯುವ ಮುನ್ನ ಕರಾಚಿಯಲ್ಲಿ ವಿಮಾನ ಹತ್ತಿದೆ. ಅರಳೆ ವ್ಯಾಪಾರದ ಕಚೇರಿಯ ಗುಮಾಸ್ತನಿಗೆ ವಿಮಾನವೆಲ್ಲಿಯ ಮಾತು. ಎರಡು ತಿಂಗಳ ಸಂಬಳ ಹೋಗಿಬರುವ ಟಿಕೆಟ್ಟಿಗೇ ಹೋಯಿತು. ಆದರೆ ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕ ಪಾವಗಡದಲ್ಲಿ ಹಾಸಿಗೆ ಹಿಡಿದಿದ್ದಳು. ರೈಲಿನಲ್ಲಿ ಬಂದರೆ ಮುಖ ಸಿಗಲಾರದೆಂದು ಭಾವ ತಂತಿ ಕೊಟ್ಟಿದ್ದರು. ‘ನಾಡಿದ್ದು ವಿಮಾನದಲ್ಲಿ ಬರುತ್ತೇನೆ’ ಎಂದು ನಾನೂ ಮರುತಂತಿ ಕೊಟ್ಟಿದ್ದೆ.

ಮುಂಬಯಿಯಲ್ಲಿ ವಿಮಾನ ಬದಲಿಸಿ, ಹೈದರಾಬಾದಿನಲ್ಲಿ ಇಳಿದೆದ್ದು, ಸಾವಿರ ಮೈಲಿಗೂ ಮಿಕ್ಕ ದಾರಿಯನ್ನು ಹೊತ್ತು ಮುಳುಗುವುದರೊಳಗೆ ಮುಗಿಸಿ ಬೆಂಗಳೂರು ಸೇರಿದೆ. ಅದಕ್ಕೆ ಸ್ವಲ್ಪ ಮುಂಚೆ ಕೆಳಗೆ ಬಂಡೆಗುಡ್ಡಗಳೂ ಒಣಗಿದ ಕೆರೆಗಳೂ ಸರಿದುಹೋದವು. ನಮ್ಮ ಸೀಮೆಯೇ ಇರಬೇಕೆಂದು ಗೆಲುವಾದೆ.

ಉಳಿದದ್ದು ನೂರೇ ಮೈಲಿ. ಅಂದು ಮತ್ತೆ ಬಸ್ಸಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಮರುದಿನ ಸಿಕ್ಕಿದ್ದು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಹೊಗೆಯಿಂದಲೇ ಓಡುವ ಬಸ್ಸು. ಯುದ್ಧ ಮುಗಿದಿತ್ತು, ಪೆಟ್ರೋಲು ಇನ್ನೂ ಬಂದಿರಲಿಲ್ಲ. ಕೊರಟಗೆರೆಯಲ್ಲಿ ಒಲೆಯ ಬೂದಿ ಕೆದಕುವಾಗ ಎಲ್ಲರೂ ಇಡ್ಲಿ ತಿಂದರು. ನಾನು ಒಲೆಯ ಪಕ್ಕದಲ್ಲೇ ನಿಂತಿದ್ದೆ. ಮಧುಗಿರಿ ದಾಟಿದ ಮೇಲೆ ಏರಿನಲ್ಲಿ ಬಸ್ಸು ನಿಂತೇಬಿಟ್ಟಿತು. ಇಳಿದು ತಳ್ಳಿದೆವು. ಡ್ರೈವರ್ ಶಿರಾದ ಸಾಬರು. ಬೇಗ ಹೋಗಬೇಕೆಂದು ನಾನು ಅಂಗಲಾಚಿದಾಗ ಅವರಿಗೂ ಮರುಕವಾಯಿತು. “ಸಬೂರಿ ಮಾಡಿ ಸ್ವಾಮಿ, ನಿಮ್ ಅವಸರ ಇದ್ದಿಲಿಗೆ ಹೆಂಗೆ ಗೊತ್ತಾಗ್ಬೇಕು” ಎಂದರು.

ಪಾವಗಡದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಜಗಲಿಯ ಮೇಲೆ ಭಾವ ಒದ್ದೆ ಪಂಚೆಯಲ್ಲೇ ಕೂತಿದ್ದರು. ಅಕ್ಕನಿಗೆ ವಿಭೂತಿ ಹಚ್ಚಿ, ಕೂರಿಸಿ, ಮಧ್ಯಾಹ್ನದವರೆಗೂ ನನಗಾಗಿ ಕಾದು, ಆಮೇಲೆ ಮಣ್ಣು ಮಾಡಿ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು:

“ಇಮಾನ ಕೆರೆಗೇ ಇಳೀತದೆ ಅಂತ ಅಂಗಳದ ಜಾಲಿನೆಲ್ಲಾ ಕಡಿಸ್ಬುಟ್ಳು ಕಣಪ್ಪ. ತಮ್ಮನಿಗೆ ಮುಳ್ಳು ತಗಲಬಾರ್ದಂತೆ. ಬೆಂಗ್ಳೂರಲ್ಲಿ ಇಳೀತಾನೆ ಕಣೇ ಅಂದೆ. ಬಸ್ಸಿಗೆ ಕಾಯೋನಿಗೆ ಇಮಾನ ಯಾತಕ್ಕೆ ಅಂದ್ಳು. ನೆನ್ನೆ ಸಂಜೆ ಆಕಾಶದಲ್ಲಿ ಸದ್ದು ಕೇಳುಸ್ತು. ‘ನನ್ ತಮ್ಮ ಬಂದ, ಮುದ್ದೆಗೆ ಎಸರಿಡಿ’ ಅಂದ್ಳು. ಅದೇ ಕಡೇ ಮಾತು.”

ನಾನು ಗೋಳೋ ಎಂದು ಅತ್ತೆ. ಆ ಸದ್ದು ನನ್ನ ವಿಮಾನದ್ದೇ ಇರಬೇಕು. ಅಕ್ಕ ಹೋಗುವಾಗ ನಾನು ಮೇಲೆ ಕೂತು ಗುಡ್ಡ ನೋಡುತ್ತಿದ್ದೆ.

ಬೆಳಿಗ್ಗೆ ಅಕ್ಕನ ಗುಂಡಿಯ ಹಸಿ ಮಣ್ಣಿಗೆ ಒಂದು ಹಿಡಿ ಮಣ್ಣು ಹಾಕಿ ಕೆರೆಗೆ ಹೋದೆ. ಜಾಲಿಯ ಮೋಟುಗಳನ್ನೂ ಬುಡಸಮೇತ ಕೀಳಿಸಿ ಗುಳಿ ಮುಚ್ಚಿಸಿದ್ದಳು. ಬರಿಗಾಲಲ್ಲಿ ಆ ಕೊನೆಯವರೆಗೂ ನಡೆದೆ. ಒಂದು ಮುಳ್ಳೂ ಚುಚ್ಚಲಿಲ್ಲ.

ಕರ್ಮ ಮುಗಿಸಿ ಬಂದ ದಾರಿಯಲ್ಲೇ ಹಿಂತಿರುಗಿದೆ. ವಿಮಾನ ಬೆಂಗಳೂರು ಬಿಟ್ಟು ಹೈದರಾಬಾದಿನ ಕಡೆ ತಿರುಗಿದಾಗ ಕಿಟಕಿಗೆ ಹಣೆಯೊತ್ತಿ ಕೂತೆ. ಒಣಗಿದ ಕೆರೆಗಳು ಒಂದರ ಹಿಂದೊಂದು ಬಂದವು. ನನಗಾಗಿ ಮುಳ್ಳು ಕಡಿಸಿದ ಕೆರೆ ಯಾವುದೆಂದು ಅಷ್ಟು ಎತ್ತರದಿಂದ ತಿಳಿಯಲಿಲ್ಲ.