ಪ್ರೇತಕ್ಕೆ ಕೊಟ್ಟ ಹೆಸರು

ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಕುಳಿತವನು ಮೊಬೈಲಿನೊಳಗಿನ ಹುಡುಗಿಯೊಬ್ಬಳಿಗೆ ಹೆದರಿ ಕಿರುಚಿದೆ. ಇದನ್ನು ಹೇಳಿಕೊಳ್ಳಲು ನನಗೆ ಅಷ್ಟೇನೂ ನಾಚಿಕೆಯಿಲ್ಲ. ಕಿರುಚುವ ಮೊದಲು ಮಾಡಿದ ಕೆಲಸವೊಂದಿದೆಯಲ್ಲ, ಅದನ್ನು ಹೇಳಲು ಮಾತ್ರ ಸ್ವಲ್ಪ ಸುತ್ತಿ ಬಳಸಿ ಬರಬೇಕು.

ನಾನು ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಬಕದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶಾಲೆಯಲ್ಲಿ ಮೂಢನಂಬಿಕೆ ಎಲ್ಲಿ ತಲೆ ಎತ್ತಿದರೂ ಅದನ್ನು ಬಡಿಯಲು ನನಗೇ ಕರೆ ಬರುತ್ತದೆ. ಹಾಲೆಮರದಲ್ಲಿ ಏನೋ ಇದೆ ಎಂದು ಮಕ್ಕಳು ಹೆದರಿದಾಗ ಅವರನ್ನೇ ಮರದ ಬುಡಕ್ಕೆ ಕರೆದೊಯ್ದು ಗೂಬೆಯನ್ನು ತೋರಿಸಿದವನು ನಾನು. ಈ ವರ್ಷ ಗೂಬೆಯ ಬದಲು ಮೊಬೈಲಿನ ಒಂದು ಆಟ ಬಂತು. ಪುಕ್ಕಟೆ ಸಿಗುವ, ಅರ್ಧ ಗಂಟೆಯಲ್ಲಿ ಮುಗಿಯುವ, ಜಪಾನಿ ಕಾರ್ಟೂನಿನ ಚಿತ್ರಗಳಿರುವ ದೆವ್ವದ ಕತೆ. ಒಂಬತ್ತನೆಯ ತರಗತಿಯ ಹುಡುಗಿಯರೆಲ್ಲ ಅದನ್ನು ಆಡಿದ್ದರು. ಒಬ್ಬಳಂತೂ ಒಂಟಿಯಾಗಿ ಬಚ್ಚಲಿಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಪೋಷಕರ ಸಭೆಯಲ್ಲಿ ಆ ಆಟದ ವಿರುದ್ಧ ನಾನು ಇಪ್ಪತ್ತು ನಿಮಿಷ ಗುಡುಗಿದೆ. ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ನೀವು ಆಡಿ ನೋಡಿದ್ದೀರಾ?" ಎಂದಳು. ವಿಷವೆಂದು ತಿಳಿಯಲು ಕುಡಿದೇ ನೋಡಬೇಕಾಗಿಲ್ಲ ಎಂದೆ. ಪೋಷಕರು ಚಪ್ಪಾಳೆ ತಟ್ಟಿದರು. ಆದರೆ ಪ್ರಯೋಗ ಮಾಡದೆ ಫಲಿತಾಂಶ ಬರೆದ ವಿದ್ಯಾರ್ಥಿಗೆ ನಾನೇ ಎಷ್ಟು ಅಂಕ ಕೊಡುತ್ತೇನೆ ಎಂಬುದು ನನಗೆ ಗೊತ್ತಿತ್ತು.

ಹೀಗಾಗಿ ಭಾನುವಾರ ಪ್ರಯೋಗಕ್ಕೆ ಕುಳಿತೆ. ನನ್ನ ಹೆಂಡತಿ ಟೈಲರ್. ಅಂಗಡಿಗೆ ರಜೆಯಿದ್ದರೂ ಅವಳಿಗೆ ರಜೆಯಿಲ್ಲ. ಒಳಕೋಣೆಯಲ್ಲಿ ಯಾರದೋ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಆಟ ಎಂದರೆ ಓಡುವುದು, ಗುಂಡು ಹೊಡೆಯುವುದು ಎಂದುಕೊಂಡಿದ್ದೆ. ಇಲ್ಲಿ ಅಂಥದ್ದೇನೂ ಇಲ್ಲ. ಒಂದು ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಬೆರಳಿಟ್ಟರೆ ಮುಂದಿನ ಸಾಲು. ಖಾಲಿ ತರಗತಿಯಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಕುಳಿತಿದ್ದಳು. ಅರ್ಧ ಮುಖವೆಲ್ಲ ಕಣ್ಣೇ. ಬೆಲ್ ಹೊಡೆದ ಮೇಲೂ ಇವಳೇಕೆ ಮನೆಗೆ ಹೋಗಿಲ್ಲ ಎಂದು ನನ್ನೊಳಗಿನ ಮೇಷ್ಟ್ರು ಯೋಚಿಸುತ್ತಿರುವಾಗಲೇ ಅವಳು ತಲೆ ಎತ್ತಿ ಕೇಳಿದಳು: ನಿನ್ನ ಹೆಸರೇನು? ಕೆಳಗೆ ಹೆಸರು ಬರೆಯಲು ಒಂದು ಖಾಲಿ ಚೌಕ.

ನನ್ನ ಬೆರಳು ನಿಂತಿತು. ಮುಖ ಪರಿಚಯವಿಲ್ಲದವರು ಕೇಳಿದರೆ ಹೆಸರು ಹೇಳಬೇಡ, ಕೇಳುವುದು ಮನುಷ್ಯರೇ ಎಂದು ಹೇಗೆ ಗೊತ್ತು ಎನ್ನುತ್ತಿದ್ದಳು ಸುಳ್ಯದ ನಮ್ಮ ಅಜ್ಜಿ. ಈ ಮಾತನ್ನು ಪ್ರತಿವರ್ಷ ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸುವವನು ನಾನು. ಈಗ ನಗು ಬರಲಿಲ್ಲ. ರಾಮ ಎಂದು ಬರೆಯೋಣವೆಂದರೆ ದೇವರನ್ನು ಇಂಥ ಕಡೆ ಸಿಕ್ಕಿಸುವುದು ಸರಿಯಲ್ಲ ಎನಿಸಿತು. ಹೆಡ್‌ಮಾಸ್ಟರರ ಹೆಸರು ನೆನಪಾಯಿತು. ಮೇಲಿನವರ ಸುದ್ದಿ ಬೇಡವೆಂದು ಬಿಟ್ಟೆ. ಕೊನೆಗೆ ಕುಸುಮಾವತಿ ಎಂದು ಬರೆದೆ.

ಕುಸುಮಾವತಿ ಎಂದರೆ ಒಳಗೆ ಫಾಲ್ಸ್ ಹೊಲಿಯುತ್ತಿದ್ದವಳು. ಹಿರಿಯರ ಕ್ರಮದಂತೆ ಇಪ್ಪತ್ತಾರು ವರ್ಷ ಅವಳನ್ನು 'ಓಯ್' ಎಂದೋ 'ಕೇಳಿತಾ' ಎಂದೋ ಕರೆದುಕೊಂಡು ಬಂದವನು ನಾನು. ಒಮ್ಮೆಯೂ ಹೆಸರು ಹಿಡಿದು ಕರೆದದ್ದಿಲ್ಲ. ಆ ಹೆಸರನ್ನು ಮೊದಲ ಸಲ ನಾನಾಗಿ ಬಳಸಿದ್ದು, ನೋಡಿ, ಒಂದು ಪ್ರೇತಕ್ಕೆ ಕೊಡಲು.

ಅಲ್ಲಿಂದ ಮುಂದೆ ಹುಡುಗಿ ಸಾಲುಸಾಲಿಗೂ ಆ ಹೆಸರನ್ನೇ ಕರೆದಳು. ಕುಸುಮಾವತಿ, ಎಲ್ಲರೂ ನನ್ನನ್ನು ಬಿಟ್ಟು ಹೋದರು. ಕುಸುಮಾವತಿ, ನೀನು ನನ್ನ ಜೊತೆ ಇರುತ್ತೀಯಾ? ಇರುತ್ತೇನೆ, ಹೋಗುತ್ತೇನೆ ಎಂದು ಎರಡು ಉತ್ತರಗಳಿದ್ದವು. ಇರಬೇಕಾದವನು ನಾನಲ್ಲವಲ್ಲ, ಧಾರಾಳವಾಗಿ 'ಇರುತ್ತೇನೆ' ಒತ್ತಿದೆ. ಆ ದೊಡ್ಡ ಕಣ್ಣುಗಳು ಥಟ್ಟನೆ ಕಪ್ಪು ತೂತುಗಳಾದವು, ಬಾಯಿ ಎದೆಯವರೆಗೆ ಹರಿಯಿತು, ಪರದೆ ತುಂಬ ಕುಸುಮಾವತಿ, ಕುಸುಮಾವತಿ. ನಾನು ಕಿರುಚಿದ್ದು ಆಗಲೇ.

ಒಳಗೆ ಮೆಷಿನ್ ನಿಂತಿತು. ಓಡಿಬಂದವಳು ನೆಲಕ್ಕೆ ಬಿದ್ದ ಫೋನನ್ನು ಎತ್ತಿಕೊಂಡಳು.

"ಇದೆಂತ, ನನ್ನ ಹೆಸರು? ನೀವು ಬರೆದದ್ದಾ?"

ಹೌದೆಂದು ತಲೆಯಾಡಿಸಿದೆ.

"ಇಷ್ಟು ಸಲ?" ಎಂದಳು. ಅವಳ ಮುಖದಲ್ಲಿ ಒಂದು ನಗು ಬಂತು. ಅದನ್ನು ಅಡಗಿಸಲು ನೋಡಿದಳು, ಆಗಲಿಲ್ಲ. ಇಷ್ಟು ವರ್ಷಗಳಲ್ಲಿ ಅಂಥ ನಗುವನ್ನು ನಾನು ಹೆಚ್ಚು ಸಲ ಗಳಿಸಿಲ್ಲ. ಸುಮ್ಮನಿದ್ದಿದ್ದರೆ ಅದು ನನ್ನದಾಗಿಯೇ ಉಳಿಯುತ್ತಿತ್ತು. ಆದರೆ ಕದ್ದ ಮಾಲು ಕೈಯಲ್ಲಿದ್ದಂತೆ ಸಂಕಟವಾಯಿತು.

"ನನ್ನ ಹೆಸರು ಕೊಡ್ಲಿಕ್ಕೆ ಹೆದರಿಕೆ ಆಯ್ತು. ಹಾಗೆ ನಿನ್ನದು ಕೊಟ್ಟೆ" ಎಂದೆ.

ನಗು ಹೋಯಿತು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ, ಸೆರಗಿಗೆ ಅಂಟಿದ್ದ ನೂಲಿನ ತುಂಡನ್ನು ತೆಗೆದು ಬಿಸಾಡಿ, ಕುರ್ಚಿ ಎಳೆದು ಕುಳಿತಳು. "ಸುರುವಿಂದ ಹಾಕಿ. ನೋಡುವ."

ಮತ್ತೆ ಆ ಖಾಲಿ ಚೌಕ ಬಂತು. "ನನ್ನ ಹೆಸರು ಹಾಕು" ಎಂದೆ, ಬಹಳ ಗಂಭೀರವಾಗಿ.

"ಬೇಡ. ನೀವು ಹೆದರ್ತೀರಿ" ಎಂದು ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರನ್ನೇ ಬರೆದಳು.

ಇವಳಾದರೋ ಎಲ್ಲವನ್ನೂ ನಂಬುವವಳು. ಮಳೆಗಾಲದ ಆಟಿ ತಿಂಗಳು ಬಂತೆಂದರೆ ತೀರಿಹೋದವರಿಗೆ ಎಲೆಯಲ್ಲಿ ಬಡಿಸಿಟ್ಟು ಬಾಗಿಲು ಮುಚ್ಚಿ ಕಾಯುವವಳು. ನಾನು ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. ಕಣ್ಣು ತೂತಾಗುವ ಜಾಗ ಬಂದಾಗ ನಾನು ಗೋಡೆ ನೋಡಿದೆ. ಅವಳು ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು.

"ಪಾಪ, ಎಷ್ಟು ಸಣ್ಣ ಹುಡುಗಿ! ಇದಕ್ಕೆ ಮನೆಯವರು ಅಂತ ಯಾರೂ ಇಲ್ವಾ? ನಮ್ಮಲ್ಲಾದ್ರೆ ಒಂದು ಗಂಡು ನೋಡಿ ಮದುವೆ ಮಾಡಿಸ್ತಿದ್ರು."

ನಮ್ಮ ಕಡೆ ಹಾಗೆ ಉಂಟು. ಎಳೆಯದರಲ್ಲೇ ತೀರಿಕೊಂಡ ಮಗಳಿಗೆ, ಬದುಕಿದ್ದರೆ ಪ್ರಾಯಕ್ಕೆ ಬರುತ್ತಿದ್ದ ವರ್ಷ, ಹಾಗೆಯೇ ತೀರಿಹೋದ ಹುಡುಗನೊಬ್ಬನನ್ನು ಹುಡುಕಿ ಎರಡೂ ಮನೆಯವರು ಸೇರಿ ಧಾರೆ ಎರೆಯುತ್ತಾರೆ. ನನ್ನ ಭಾಷಣಗಳಲ್ಲಿ ಅದಕ್ಕೂ ಐದು ನಿಮಿಷ ಮೀಸಲು.

ಅವಳು ಫೋನನ್ನು ನನ್ನ ಕೈಗಿಟ್ಟು ಎದ್ದಳು. ಬಾಗಿಲ ಬಳಿ ಒಂದು ಕ್ಷಣ ನಿಂತಳು.

"ಗಂಡು ನೋಡುವಾಗ ಮಾತ್ರ ಜಾಗ್ರತೆ ಬೇಕು ಮಾರಾಯ್ರೆ. ಯಾರು ಬಂದು ಕೇಳಿದ್ರೂ ಹೆಂಡತಿಯ ಹೆಸರು ಕೊಡುವವ ಆಗ್ಬಾರದು."

ಒಳಗೆ ಹೋಗಿ ಮೆಷಿನ್ ತುಳಿಯತೊಡಗಿದಳು. ಅದನ್ನು ತಮಾಷೆಗೆ ಹೇಳಿದಳೋ ನಿಜಕ್ಕೇ ಹೇಳಿದಳೋ ನನಗೆ ಗೊತ್ತಿಲ್ಲ. ಕೇಳಿದರೆ ಹೇಳಿಯಾಳು. ಕೇಳಲು ಹೆದರಿಕೆ.