ಊಟದ ತಾಟಿನ ಮೇಲೊಂದು ತೆರಿಗೆ

ಹೋದ ಸೋಮವಾರ ನೀಲವ್ವ ನನಗೆ ಊಟ ಹಾಕಲಿಲ್ಲ.

ಕಾಲೇಜಿನಲ್ಲಿ ಪಾಠ ಮುಗಿಸಿ, ಹಸಿದುಕೊಂಡು ಆಕೆಯ ಖಾನಾವಳಿಗೆ ಹೋಗಿದ್ದೆ. ಬಾಗಿಲಲ್ಲೇ ತಡೆದಳು.

"ಮಾಸ್ತರ, ಇನ್ನ ಮ್ಯಾಲೆ ನೀವು ಊಟಕ್ಕ ಬ್ಯಾರೆ ಕಡೆ ನೋಡ್ಕೋರಿ."

"ಯಾಕವ್ವಾ, ನಾ ಏನು ತಪ್ಪು ಮಾಡಿದೆ?"

"ನಿಮ್ದೇನೂ ತಪ್ಪಿಲ್ಲರಿ. ಸರಕಾರದ ಟ್ಯಾಕ್ಸಿಂದು."

ಹಳೇ ಹುಬ್ಬಳ್ಳಿಯಲ್ಲಿ ಉಂಡವರಿಗೆ ನೀಲವ್ವನ ಪರಿಚಯ ಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮುಗದ ಎಂಬ ಹಳ್ಳಿಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಒಂದು ಒಲೆ, ಒಂದು ಹಂಚು ಇಟ್ಟುಕೊಂಡು ಖಾನಾವಳಿ ತೆರೆದವಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಉಣ್ಣಲು ಬರುವವರು ಗಿರಣಿ ಕೆಲಸದವರು, ಗುಮಾಸ್ತರು, ನನ್ನಂಥ ಒಂಟಿ ಮಾಸ್ತರರು. ಒಳಗೆ ಕೂಲಿಗೆ ಬರುವ ಫಕೀರವ್ವ ರೊಟ್ಟಿ ಬಡಿಯುವ ಸಪ್ಪಳ. ಯಾವ ಸರಕಾರದ ಸಹಾಯವೂ ಇಲ್ಲದೆ, ಯಾವ ಯೋಜನೆಯಲ್ಲೂ ಸೇರದೆ ನಡೆದಿತ್ತು. (ಅದಕ್ಕೇ ಚೆನ್ನಾಗಿ ನಡೆದಿತ್ತು ಎಂದು ನನ್ನ ಗುಮಾನಿ.)

ಕಳೆದ ಮಳೆಗಾಲದಲ್ಲಿ ಮಾರಾಟ ತೆರಿಗೆಯ ಇನ್‌ಸ್ಪೆಕ್ಟರ್ ಬಂದ. ಮರ್ಯಾದಸ್ಥ ಮನುಷ್ಯ. ಚಪ್ಪಲಿ ಹೊರಗೇ ಬಿಟ್ಟು ಬಂದ.

"ನಿಮ್ಮ ವರ್ಷದ ವ್ಯಾಪಾರ ಟ್ಯಾಕ್ಸಿನ ಮಿತಿ ದಾಟೇತಿ ತಾಯಿ. ಇನ್ನ ಊಟಕ್ಕೂ ಟ್ಯಾಕ್ಸ್ ಕಟ್ಟಬೇಕು. ಉಂಡವರ ಕಡೆಯಿಂದನ ವಸೂಲು ಮಾಡ್ರಿ."

ನೀಲವ್ವ ವಸೂಲು ಮಾಡಲಿಲ್ಲ. "ಉಣ್ಣಾಕ ಕುಂತವರ ಮುಂದ ಸರಕಾರದ ಹೆಸರು ಹೇಳಿ ಕೈ ಚಾಚಲೇನು?" ಎಂದು ನನ್ನನ್ನೇ ಕೇಳಿದಳು. ತೆರಿಗೆಯನ್ನು ತಾನೇ ಕಟ್ಟತೊಡಗಿದಳು. ಎಲ್ಲಿಂದ? ಹಿಂಡಿಯಲ್ಲಿ ಶೇಂಗಾ ಕಡಿಮೆಯಾಯಿತು. ಮೊಸರು ಮಜ್ಜಿಗೆಯಾಯಿತು, ಮಜ್ಜಿಗೆ ನೀರಾಯಿತು.

ಒಂದು ದಿನ ಗಿರಣಿಯವನೊಬ್ಬ ಕೂಗಿದ. "ನೀಲವ್ವಾ, ಮೊಸರಿಗೆ ನಮ್ಮ ಮ್ಯಾಲೆ ಸಿಟ್ಟು ಬಂದೈತೇನ? ತಾಟಿನಾಗ ನಿಲ್ಲವಲ್ದು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀಲವ್ವ ನಗಲಿಲ್ಲ. ಆ ದಿನ ಆಕೆ ಅಡಿಗೆಮನೆಯಿಂದ ಮತ್ತೆ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ನಿಮಗೆ ಗೊತ್ತೇ ಇದೆ, ಕೈಗೆ ಎರಡು ಚೀಟಿ ಕೊಡುತ್ತಾರೆ. ಒಂದು ದಿಲ್ಲಿಯ ಲೋಕಸಭೆಗೆ, ಒಂದು ಬೆಂಗಳೂರಿನ ವಿಧಾನಸಭೆಗೆ. ಮೊದಲು ದಿಲ್ಲಿಯ ಅಭ್ಯರ್ಥಿ ಬಂದರು. ನೆಲದ ಮೇಲೆ ಕೂತು ರೊಟ್ಟಿ ಮುರಿದರು. ನೀಲವ್ವ ತೆರಿಗೆಯ ಮಾತು ತೆಗೆದಳು.

"ಖರೇ ಐತಿ ತಾಯಿ. ಆದರ ಅದು ಬೆಂಗಳೂರಿನವರ ಕೈಯಾಗಿಂದು. ನಾ ದಿಲ್ಲಿಗೆ ಹೊಂಟವ."

ಎರಡು ದಿನ ಬಿಟ್ಟು ಬೆಂಗಳೂರಿನ ಅಭ್ಯರ್ಥಿ ಬಂದರು.

"ದಿಲ್ಲಿಯವರು ರೊಕ್ಕ ಬಿಡವಲ್ರು ಅಕ್ಕಾ. ಐದು ವರ್ಷದ ಪ್ಲ್ಯಾನ್ ನಡೀಬೇಕಂದ್ರ ನಾವ ಟ್ಯಾಕ್ಸ್ ಎತ್ತಬೇಕು. ನಾ ಆರಿಸಿ ಬಂದ ಮ್ಯಾಲೆ ನೋಡೋಣು."

ಇಬ್ಬರದೂ ಒಂದೇ ಪಕ್ಷ, ಒಂದೇ ಚಿಹ್ನೆ, ಒಂದೇ ಜೀಪು. ಉತ್ತರ ಮಾತ್ರ ಎರಡು.

ನೀಲವ್ವ ಆ "ನೋಡೋಣು" ಎಂಬ ಮಾತನ್ನು ನಂಬಿದಳು. ನಾನು ನಂಬಲಿಲ್ಲ. ತೆರಿಗೆ ಇಳಿಯಬೇಕು, ಸರಕಾರ ವ್ಯಾಪಾರದಿಂದ ದೂರವಿರಬೇಕು ಎಂದು ಸಭೆ ಸಭೆಯಲ್ಲಿ ಹೇಳಿ ಗಂಟಲು ಒಣಗಿಸಿಕೊಂಡ ಒಬ್ಬ ವಯಸ್ಸಾದ ವಕೀಲರಿಗೆ ಮತ ಹಾಕಿದೆ. ಅವರ ಠೇವಣಿ ಹೋಯಿತು. (ನಾನು ಮತ ಹಾಕಿದವರು ಯಾವತ್ತಾದರೂ ಗೆದ್ದ ನೆನಪು ನನಗಿಲ್ಲ.)

ತೆರಿಗೆಯೇ ಬೇಡ ಎನ್ನುವ ಮನುಷ್ಯ ನಾನಲ್ಲ. ರಸ್ತೆ ಬೇಕು, ಶಾಲೆ ಬೇಕು, ಆಸ್ಪತ್ರೆ ಬೇಕು. ನನ್ನ ಸಂಬಳದಲ್ಲೂ ಸರಕಾರದ ಅನುದಾನದ ಪಾಲಿದೆ. ಆದರೆ ಯಾರನ್ನೂ ಬೇಡದೆ ತಾನಾಗಿ ದುಡಿಯುವ ಕೈಯನ್ನು ಅದರ ಪಾಡಿಗೆ ಬಿಡಲು ನಮ್ಮ ಸರಕಾರಗಳಿಗೆ ಯಾಕೆ ಆಗುವುದಿಲ್ಲ? ದಿಲ್ಲಿಯಲ್ಲಿ ಕನಸು ಕಾಣುತ್ತಾರೆ, ಬೆಂಗಳೂರಿನಲ್ಲಿ ಕಾಯ್ದೆ ಬರೆಯುತ್ತಾರೆ, ಹುಬ್ಬಳ್ಳಿಯಲ್ಲಿ ಮೊಸರು ತೆಳ್ಳಗಾಗುತ್ತದೆ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಓದಿ ಓದಿ ನಿಮಗೂ ಸಾಕಾಗಿರಬೇಕು.

ಬೆಂಗಳೂರಿನ ಅಭ್ಯರ್ಥಿ ಗೆದ್ದರು. ನೀಲವ್ವ ಫಕೀರವ್ವನನ್ನು ಕರೆದುಕೊಂಡು, ಒಂದು ಹೂವಿನ ಮಾಲೆ ಹಿಡಿದುಕೊಂಡು ಅವರ ಮನೆಗೆ ಹೋದಳು. ಅವರು ಗುರುತು ಹಿಡಿದರು. ಮರೆತಿರಲಿಲ್ಲ, ಪಾಪ.

"ಕಾಯ್ದೆ ಬದಲಿ ಮಾಡೂದು ಲಗೂ ಆಗೂ ಮಾತಲ್ಲ ಅಕ್ಕಾ. ನೀ ಒಂದು ಕೆಲಸ ಮಾಡು. ಉಣ್ಣೂ ಮಂದೀನ ಅರ್ಧಾ ಕಡಿಮಿ ಮಾಡು. ಮಿತಿ ಕೆಳಗ ಬರ್ತಿ. ಟ್ಯಾಕ್ಸ್ ತಾನ ಹೋಗತೈತಿ."

ನಗುತ್ತಾ ಹೇಳಿದರಂತೆ. ದೊಡ್ಡ ಉಪಕಾರ ಮಾಡಿದವರ ನಗು.

ನೀಲವ್ವ ಹಾಗೇ ಮಾಡಿದಳು. ಆದರೆ ಯಾರನ್ನು ಬಿಡುವುದು? ಸೋಮವಾರ ಬಾಗಿಲಲ್ಲಿ ನಿಂತು ಆಕೆ ಹೇಳಿದ್ದು ಅದನ್ನೇ.

"ನಿಮಗ ತಿಂಗಳಾ ಪಗಾರ ಐತ್ರಿ ಮಾಸ್ತರ. ಎಲ್ಲಿ ಹ್ವಾದ್ರೂ ಊಟ ಸಿಗತೈತಿ. ಗಿರಣಿ ಮಂದಿ ಎಲ್ಲಿಗೆ ಹೋಗ್ಬೇಕು? ಅವರನ್ನ ಇಟಗೊಂಡೇನಿ."

ನನ್ನ ಮುಖ ನೋಡದೆ ಹೇಳಿದಳು. ನಾನು ವಾದ ಮಾಡಲಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇ? ಮಾಡುತ್ತಿದ್ದೆ ಎಂದುಕೊಳ್ಳಲು ಇಷ್ಟ. ಈಗ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಉಣ್ಣುತ್ತೇನೆ. ಅಲ್ಲಿ ಬಿಲ್ಲಿನ ಜೊತೆಗೇ ತೆರಿಗೆ ಹಾಕುತ್ತಾರೆ, ಯಾರಿಗೂ ಸಂಕೋಚವಿಲ್ಲ. ನೀಲವ್ವನ ಮೊಸರು ಮತ್ತೆ ಗಟ್ಟಿಯಾಗಿದೆಯಂತೆ. ಸರಕಾರಕ್ಕೆ ಈಗ ಆಕೆಯಿಂದ ಒಂದು ಬಿಡಿಗಾಸೂ ಇಲ್ಲ.

ಉಣ್ಣುವವರು ಅರ್ಧವಾದ ಮೇಲೆ ರೊಟ್ಟಿಗೆ ಕೂಲಿಯವಳು ಬೇಕಿಲ್ಲ. ನೀಲವ್ವ ಈಗ ತಾನೇ ಬಡಿಯುತ್ತಾಳೆ.

ನಿನ್ನೆ ಊರಂಚಿನ ಬೆಂಗೇರಿಯ ಕಡೆ ಹೋಗಿದ್ದೆ. ಫಕೀರವ್ವ ಸಿಕ್ಕಳು. ಮನೆ ಮನೆಗೂ ಕೆಲಸ ಕೇಳಿಕೊಂಡು ಬರುತ್ತಿದ್ದಳು. ಎಲ್ಲೂ ಸಿಕ್ಕಿಲ್ಲವೆಂದು ಕೇಳದೆಯೇ ತಿಳಿಯಿತು.

"ಮಾಸ್ತರ, ಮುಂದಿನ ಚುನಾವಣಿ ಯಾವಾಗರಿ?"

"ಇನ್ನ ಐದು ವರ್ಷ ಆಗಬೇಕವ್ವಾ."

ಸೆರಗಿನಿಂದ ಮುಖ ಒರೆಸಿಕೊಂಡು ಆಕೆ ಕೇಳಿದಳು:

"ಅಲ್ಲೀತನಾ ನಾ ಯಾರ ಮನ್ಯಾಗ ರೊಟ್ಟಿ ಬಡೀಲಿರಿ?"