ನಿನ್ನೆಯ ಬಂಗಡೆ ಸಾರು

ನಾನು ಊಟದ ಬಗ್ಗೆ ಬರೆದು ಹೊಟ್ಟೆ ಹೊರೆಯುವವನು. ನನಗೆ ಬರುವ ಅಡುಗೆ ಎಂದರೆ ಚಹಾ ಒಂದೇ, ಅದೂ ಎಷ್ಟೋ ಸಲ ಉಕ್ಕಿ ಒಲೆ ಸೇರುತ್ತದೆ. ಪತ್ರಿಕೆಗೆ ವಾರಕ್ಕೊಂದು ಅಂಕಣ ಕೊಡಬೇಕಾದ್ದರಿಂದ ಮಧ್ಯಾಹ್ನವಾದರೆ ಭಟ್ಕಳದ ಬಿರಿಯಾನಿ, ಹೊನ್ನಾವರದ ಮೀನೂಟ ಎಂದು ಅಲೆಯುತ್ತಿರುತ್ತೇನೆ. ಆದರೆ ನಾನು ಆಸೆಪಟ್ಟು ತಿನ್ನುವುದು ಕುಮಟೆಯ ನಮ್ಮ ಮನೆಯಲ್ಲೇ: ಬೆಳಗಿನ ಗಂಜಿಯ ಜೊತೆ, ಪಕ್ಕದ ಮನೆಯ ಅಕ್ಕನ ಬಂಗಡೆ ಸಾರು.

ಅಕ್ಕನದು ಕೊಂಕಣಿ ಮನೆಮಾತು. ಎರಡು ಮನೆಗಳ ನಡುವೆ ಸೊಂಟದೆತ್ತರದ ಪಾಗಾರದ ಗೋಡೆ. ಅವರ ಸ್ಟೀಲಿನ ಪಾತ್ರೆ ಅದರ ಮೇಲಿಂದ ಬರುತ್ತದೆ. ಅಮ್ಮ ಅದನ್ನು ಖಾಲಿ ವಾಪಸು ಕೊಡುವವಳಲ್ಲ. ಒಂದು ದಿನ ಬಸಳೆ, ಇನ್ನೊಂದು ದಿನ ನಾಲ್ಕು ದೋಸೆ, ಏನೂ ಇಲ್ಲದಿದ್ದರೆ ಸಾರಿನ ಹುಳಿಗೆ ಒಂದು ಮುಷ್ಟಿ ಒಣಗಿಸಿದ ಮುರುಗಲ ಸಿಪ್ಪೆ. ಖಾಲಿ ಪಾತ್ರೆ ಕೊಟ್ಟರೆ ಸಂಬಂಧ ಮುಗಿಯಿತು ಎಂದೇ ನಮ್ಮಲ್ಲಿ ಅರ್ಥ.

ಮೀನು ಸಾರಿಗೆ ಮರುದಿನವೇ ರುಚಿ ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತು. ಹುಳಿ, ಖಾರ ಎಲ್ಲ ಅಷ್ಟು ಹೊತ್ತಿಗೆ ಮೀನಿನೊಳಗೆ ಇಳಿದಿರುತ್ತದೆ. ಇದನ್ನೇ ಅಂಕಣದಲ್ಲಿ ಬರೆಯುತ್ತ ಹುರುಪಿನಲ್ಲಿ ಒಂದು ಸಾಲು ಸೇರಿಸಿದೆ: ನಮ್ಮ ಪಕ್ಕದ ಮನೆಯವರು ಸಾರನ್ನು ಒಂದು ದಿನ ಇಟ್ಟು ಆಮೇಲೆ ನಮಗೆ ಕೊಡುತ್ತಾರೆ, ಅಂಥ ನೆರೆ ಎಲ್ಲರಿಗೂ ಸಿಗಲಿ. ನಾನು ಹೊಗಳಿದ್ದೇ ಹೌದು. ಆದರೆ ಇಲ್ಲಿನ ಮಕ್ಕಳಿಗೆ ಇನ್ನೊಂದು ಮಾತೂ ಗೊತ್ತು. ನಿನ್ನೆಯದನ್ನು ನಾವು ತಿನ್ನಬೇಕು, ಇನ್ನೊಬ್ಬರಿಗೆ ಕೊಡುವುದು ಇವತ್ತಿನದೇ ಆಗಿರಬೇಕು. ಬರೆಯುವಾಗ ಅದು ಯಾಕೆ ಹೊಳೆಯಲಿಲ್ಲವೋ!

ಅಂಕಣ ಬಂದ ದಿನ ಮೀನು ಮಾರುವ ಹೆಂಗಸಿಗೆ ಯಾರು ಓದಿ ಹೇಳಿದರೋ, ಅಕ್ಕನ ಅಂಗಳದಲ್ಲಿ ಬುಟ್ಟಿ ಇಳಿಸಿದವಳೇ ಜೋರಾಗಿ ಕೇಳಿದಳು: "ಅಕ್ಕೋ, ನೀವು ಹಳೇ ಸಾರೆಲ್ಲ ಪಕ್ಕದ ಮನೆಗೆ ಕೊಡೂದಂತೆ? ಪೇಪರಲ್ಲಿ ಬಂದದಂತೆ!"

ಅವತ್ತಿಗೆ ಸಾರು ನಿಂತಿತು. ಒಂದು ವಾರವಾಯಿತು, ಎರಡಾಯಿತು. ಮೀನು ಹುರಿಯುವ ಪರಿಮಳ ಮಾತ್ರ ಪಾಗಾರ ದಾಟಿ ಬರುತ್ತಿತ್ತು. ಮಾತು ಆಡಿದರೆ ಹೋಯಿತು ಎಂದು ಅಮ್ಮ ದಿನಾ ನನ್ನನ್ನು ಬೈಯುತ್ತಿದ್ದಳು. ಮೂರನೇ ವಾರ ಅಕ್ಕ ಪಾಗಾರದ ಹತ್ತಿರ ಬಂದು, ನನ್ನ ಮುಖ ನೋಡದೆ ಹೇಳಿದರು:

"ನಂ ಪಾತ್ರೆ ನಿಮ್ಮಲ್ಲೇ ಉಳದದೆ. ಎಂತದೂ ಹಾಕೂದು ಬ್ಯಾಡ. ಖಾಲಿ ಕೊಡಿ, ಸಾಕು."

ಮೂವತ್ತು ವರ್ಷದ ನೆರೆಯನ್ನು ಒಂದೇ ಸಾಲಿನಲ್ಲಿ ಕಳೆದುಕೊಳ್ಳುವವನಿದ್ದೆ. ಅಡುಗೆಮನೆಗೆ ಓಡಿದೆ.

"ಅಮ್ಮಾ, ಈಗ ಎಂತ ಮಾಡೂದು? ನಾ ಸುಳ್ಳೇನೂ ಬರೀಲಿಲ್ಲ. ಅವ್ರ ಸಾರು ಬರೂದು ಮರುದಿನವೇ ಅಲ್ದಾ?"

ಮೂರು ವಾರ ಬೈದ ಅಮ್ಮ ಇದ್ದಕ್ಕಿದ್ದಂತೆ ಕಪಾಟಿನಲ್ಲಿ ಏನನ್ನೋ ಹುಡುಕತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವಳ ಮುಖ.

"ಸಾರು ಬರೂದು ಮಧ್ಯಾಹ್ನ, ಬಿಸಿ ಬಿಸಿ," ಎಂದಳು ಕೊನೆಗೆ. "ಆ ಹೊತ್ತಿಗೆ ನೀ ಎಲ್ಲಿರ್ತಿ? ನಾ ಅರ್ಧ ಉಂಡು, ಅರ್ಧ ನಿನ್ನ ಗಂಜಿಗೆ ಎತ್ತಿಡೂದು."

"ಹಂಗಾರೆ ಇಷ್ಟು ದಿನ ನಂಗೆ ಬೈದದ್ದೆಂತಕ್ಕೆ?"

"ಕೇಳದೇ ಬರದೋನು ನೀನಲ್ದಾ?"

ಹಾಗೆಂದವಳೇ ಪಾತ್ರೆಯ ತುಂಬ ಕುಮಟೆಯ ಸಿಹಿ ಈರುಳ್ಳಿ ತುಂಬಿಕೊಂಡು ಹೊರಗೆ ನಡೆದಳು. ಎಂಬತ್ತರ ಹತ್ತಿರ ಬಂದರೂ ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ ನನ್ನಮ್ಮ. ಪಾಗಾರದ ಮೇಲೆ ಪಾತ್ರೆ ಇಟ್ಟು ಹೇಳಿದಳು: "ನೀ ಕೊಟ್ಟದ್ದನ್ನು ಮಗನಿಗೆ ಅಂತ ಎತ್ತಿಟ್ಟೋಳು ನಾನು. ಇವನಿಗೆ ಗೊತ್ತಿರ್ಲಿಲ್ಲ. ಬೈಯೂದಾದ್ರೆ ನಂಗೆ ಬೈ." ಅವಳನ್ನು ಹಾಗೆ ಕಂಡು ನನ್ನ ಕಣ್ಣು ತುಂಬಿತು.

ಅಕ್ಕ ಈರುಳ್ಳಿಯ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ನಕ್ಕುಬಿಟ್ಟರು.

"ಮೊದಲೇ ಹೇಳೂಕೆ ಎಂತ ಆಗಿತ್ತು? ದೊಡ್ಡ ಪಾತ್ರೇಲೇ ಕೊಡ್ತಿದ್ದೆ."

ಒಳಗೆ ಹೋದವರು ಬಟ್ಟಲಿನಲ್ಲಿ ಆಗಷ್ಟೇ ಇಳಿಸಿದ ಸಾರು ತಂದು ನನ್ನ ಕೈಗಿಟ್ಟರು. "ತಮಾ, ಇಲ್ಲೇ, ನನ್ನೆದುರೇ ತಿನ್ನು. ಇವತ್ತಿಂದು ರುಚಿಯೋ, ನಿನ್ನೇದೋ? ಪೇಪರಿನವನು ಹೇಳು ನೋಡ್ವಾ."

ನಿಂತಲ್ಲೇ ಒಂದು ತುಂಡು ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು. ಹುಳಿ ಇನ್ನೂ ಮೀನಿಗೆ ಹಿಡಿದಿರಲಿಲ್ಲ, ಖಾರ ಮೇಲೆ ಮೇಲೆಯೇ ಇತ್ತು. ನಾಳೆ ಬೆಳಿಗ್ಗೆಯಾದರೆ ಇದರ ಗಮ್ಮತ್ತೇ ಬೇರೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಪಾಗಾರದ ಆಚೆ ಅಕ್ಕ, ಈಚೆ ಅಮ್ಮ, ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇವತ್ತಿಂದೇ," ಎಂದೆ.

ಊಟದ ವಿಷಯದಲ್ಲಿ ನಾನು ಬೇಕೆಂದೇ ಹೇಳಿದ ಮೊದಲ ಸುಳ್ಳು ಅದು. ಅಕ್ಕ ಖುಷಿಯಿಂದ ಇನ್ನೊಂದು ಬಂಗಡೆ ಬಡಿಸಿದರು.